ಕೆಂಪು ಬಿಡುವ ತನಕ

ಬೈತಖೋಲದ ಧಕ್ಕೆಯಲ್ಲಿ
ಬೆಳಗಿನ ಜಾವ ನಾಲ್ಕಕ್ಕೆ ಕೂತರೆ
ತಾರ್ಲಿ ಬೇರೆ, ಬಂಗಡೆ ಬೇರೆ, ಶೆಟ್ಲಿ ಬೇರೆ.
ಐಸು ಕರಗಿ ಸೀರೆಯೊಳಗೆ ಇಳಿದು
ಮೊಣಕಾಲಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ.
ಏಳುವಾಗ ಚಿಪ್ಪು ಕಟಕ್ ಎನ್ನುತ್ತದೆ.
ಪಕ್ಕದ ರತ್ನಾಬಾಯಿ ನಗುತ್ತಾಳೆ:
'ಮುರಿದದ್ದು ಮೀನಿಂದಾ, ನಿಂದಾ?'

ಆಯ್ತವಾರದ ಸಂತೆ. ಬಸಳೆಯ ಸಾಲು ಮುಗಿಯುವಲ್ಲಿ
ಗೋಣಿಯ ಮೇಲೆ ಸೋಮಿ ಗೌಡ್ತಿಯ ಬೇರುಗಳು.
ಒಂದನ್ನು ಮಾತ್ರ ಬಾಳೆ ಎಲೆಯಲ್ಲಿ ಸುತ್ತಿ
ಉಳಿದವುಗಳಿಂದ ದೂರ ಇಟ್ಟಿದ್ದಳು,
ಜಗಳಗಂಟಿ ನಾದಿನಿಯನ್ನು
ಮದುವೆಮನೆಯಲ್ಲಿ ಕೂರಿಸುವ ಹಾಗೆ.

'ಚಿತ್ರಮೂಲ. ಕೆಂಪು ಹೂವಿಂದು.
ಗಂಟುನೋವಿಗೂ ಆಯ್ತು, ತಿಂದದ್ದು ಕರಗದ ಹೊಟ್ಟೆಗೂ ಆಯ್ತು.
ಆದ್ರೆ ಕೇಳು ತಂಗಿ, ಇದು ಬೆಂಕಿ.
ಸುಣ್ಣದ ತಿಳಿಯಲ್ಲಿ ನೆನೆಹಾಕು.
ನೀರು ರಕ್ತದ ಹಾಗೆ ಆಗ್ತದೆ, ಚೆಲ್ಲು.
ಮತ್ತೆ ಹಾಕು, ಮತ್ತೆ ಚೆಲ್ಲು.
ಕೆಂಪು ಪೂರಾ ಬಿಡುವ ತನಕ ಮೈಗೆ ತಾಗಿಸಬೇಡ.
ಬಿಟ್ಟ ಮೇಲೂ, ಹೊಟ್ಟೆಗೆ ತಗೊಳ್ಳುವುದಾದ್ರೆ
ನನ್ನ ಹತ್ರ ಬಾ. ನಿನ್ನ ಅಂದಾಜು ಬೇಡ.'

ಕಿವಿ ಕೇಳಿತು. ಮೊಣಕಾಲು ಕೇಳಲಿಲ್ಲ.
ಆ ರಾತ್ರಿಯೇ ಹಸಿಬೇರು ತೇಯ್ದು
ಹಳೇ ಸೀರೆಯ ಅಂಚಿನಲ್ಲಿ ಬಿಗಿದೆ.
ಮೊದಲು ಹಿತ; ಒಲೆಯ ಮುಂದೆ ಕೂತ ಹಾಗೆ.
ಆಮೇಲೆ ಒಲೆಯೊಳಗೆ ಕೂತ ಹಾಗೆ.
ಬೆಳಿಗ್ಗೆ ಬಿಚ್ಚಿದರೆ
ಲಿಂಬೆಗಾತ್ರದ ಮೂರು ಬೊಕ್ಕೆ,
ಜೆಲ್ಲಿ ಮೀನಿನ ಹಾಗೆ ಹೊಳೆಯುತ್ತ.

ಸರಕಾರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ:
ಬಿಸಿನೀರು ಬಿತ್ತು ಡಾಕ್ಟ್ರೇ.
ಡಾಕ್ಟರು ಇನ್ನೂ ಹುಡುಗಿ. ಬೊಕ್ಕೆ ನೋಡಿದಳು,
ಸುತ್ತಲೂ ಬಟ್ಟೆ ಬಿಗಿದ ಗುರುತು ನೋಡಿದಳು.
'ಬಿಸಿನೀರು ಗಂಟು ಹಾಕಿಕೊಂಡು ಬಿತ್ತಾ?'
ನಕ್ಕುಬಿಟ್ಟೆ. ಹೇಳಿಯೂಬಿಟ್ಟೆ.
ಬೈಯಲಿಲ್ಲ ಅವಳು.
ಚೀಟಿಯಲ್ಲಿ ನನ್ನ ಬಿಪಿ ಗುಳಿಗೆಯ ಕೆಳಗೆ
ಚಿತ್ರಮೂಲ ಎಂದು ಬರೆದಳು,
ಸಾಲಿನಲ್ಲಿ ಅದಕ್ಕೂ ಒಂದು ಜಾಗ ಕೊಟ್ಟು.
'ಮುಂದಿನ ಸಲ ಏನೇ ತಗೊಳ್ಳಿ, ಮೊದಲು ತಂದು ತೋರಿಸಿ.'

ಮಳೆ ಹಿಂದಾಗಿ ದೋಣಿ ಇಳಿದ ವಾರ
ತಮ್ಮನ ಹೆಂಡತಿ ಸುಲಭಾಳಿಗೆ
ಅನ್ನ ಕಂಡರೆ ಓಕರಿಕೆ.
'ಅಜೀರ್ಣ ವಯ್ನಿ, ನಿಮ್ಮ ಆ ಬೇರು ಕೊಡಿಸಿ.'
ಸಂತೆಗೆ ಕರೆದುಕೊಂಡು ಹೋದೆ.
ಹೌದು, ನಾನೇ, ಸುಟ್ಟುಕೊಂಡವಳೇ.

ನೋಟು ಕೈಗೆ ತಗೊಂಡ ಸೋಮಿ ಗೌಡ್ತಿ
ಅವಳ ಕೆನ್ನೆ ನೋಡಿದಳು, ಕಣ್ಣಿನ ಕೆಳಗೆ ನೋಡಿದಳು.
'ಹೊರಗಾಗಿ ಎಷ್ಟು ದಿನ ಆಯ್ತು?'
ಸುಲಭಾ ಬೆರಳು ಮಡಚಿದಳು, ಬಿಚ್ಚಿದಳು,
ಮತ್ತೆ ಮಡಚಿ ಅಲ್ಲೇ ನಿಂತಳು.
ಯಾರೋ ಹಸಿಮೆಣಸಿಗೆ ಚೌಕಾಸಿ ಮಾಡುತ್ತಿದ್ದರು.

ನೋಟು ವಾಪಸು ಬಂತು.
ಬೇರು ಎಲೆಯೊಳಗೆ, ಎಲೆ ಗೋಣಿಯಡಿಗೆ.
'ಬಸುರಿ ಇದ್ದ ಮನೆಯ ಹೊಸ್ತಿಲು ದಾಟುವ ಬೇರಲ್ಲ ಇದು.
ಇಳಿಸಲಿಕ್ಕೆ ಅಂತ ಹುಡುಕಿ ಬರ್ತಿದ್ರು ಒಂದು ಕಾಲಕ್ಕೆ.
ನನ್ನಜ್ಜಿ ಕೊಡದೆ ಬೈಸಿಕೊಂಡಳು.
ಒಂದ್ಸಲ ಕೊಟ್ಟು, ಸಾಯುವ ತನಕ ಅತ್ತಳು.'
ಆಮೇಲೆ ಒಂದು ಲಿಂಬೆಹಣ್ಣು ತೆಗೆದು
ಸುಲಭಾಳ ಅಂಗೈಗಿಟ್ಟಳು, ಮೂಸಲಿಕ್ಕೆ.
'ನಾಳೆಯೇ ಆಸ್ಪತ್ರೆಯಲ್ಲಿ ಹೆಸರು ಬರೆಸು.'
ಲಿಂಬೆಗೆ ದುಡ್ಡು ತಗೊಳ್ಳಲಿಲ್ಲ.

ಆ ಡಾಕ್ಟರೂ ಈ ಗೌಡ್ತಿಯೂ
ಇವತ್ತಿನವರೆಗೆ ಒಬ್ಬರ ಮುಖ ಒಬ್ಬರು ನೋಡಿಲ್ಲ.
ಇವಳ ಪ್ರಶ್ನೆ ಅವಳಿಗೆ, ಅವಳ ಉತ್ತರ ಇವಳಿಗೆ
ಹೊತ್ತುಕೊಂಡು ಹೋಗುವುದು ನನ್ನ ಮೊಣಕಾಲು,
ಕಟಕ್, ಕಟಕ್,
ಮೂರು ಕಲೆಯ ಮುದ್ರೆ ಒತ್ತಿದ ಟಪಾಲಿನ ಹಾಗೆ.

ಹಿತ್ತಲ ಮೂಲೆಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ,
ನನ್ನ ಪಾಲಿನ ಬೇರು ನೆನೆಯುತ್ತಿದೆ.
ಇವತ್ತು ಆರನೇ ನೀರು ಚೆಲ್ಲಿದೆ.
ಬಟ್ಟೆ ಒಗೆಯುವ ಕಲ್ಲಿನ ಮೇಲೆ
ಇನ್ನೂ ಸ್ವಲ್ಪ ಗುಲಾಬಿ.