ನೂರ ತೊಂಬತ್ತೈದು, ಅರವತ್ತೈದು, ಹದಿನೈದು

ಎಂಜಿನ್ನು ಸುಮ್ಮನಾದಾಗಲೇ ಕೇಳಿಸುವುದು
ಟಯರಿನ ಗೊಣಗು.
ಪೆಟ್ರೋಲು ಬಿಟ್ಟು ಬ್ಯಾಟರಿಗೆ ಹೊರಳುವ ಆ ಗಳಿಗೆ,
ಹಿಂದಿನ ಸೀಟಿನ ಗಿರಾಕಿಯೂ ಮಾತು ನಿಲ್ಲಿಸಿದಾಗ,
ಕೆಳಗಿನಿಂದ ಬರುತ್ತದೆ ಗರ್ರ್, ಗರ್ರ್,
ಕಾಳು ಮುಗಿದ ಬೀಸುಕಲ್ಲು
ತನ್ನನ್ನೇ ತಾನು ಬೀಸಿಕೊಂಡ ಹಾಗೆ.

ಅಕ್ಟೋಬರಿನ ಕೊನೆ. ಉಲಾನ್‌ಬಾತರಿನ ಮೇಲೆ
ಕಲ್ಲಿದ್ದಲ ಹೊಗೆ ಇನ್ನೂ ಪೂರ್ತಿ ಹಾಸಿಲ್ಲ.
ಟೂಲ್ ನದಿಯ ಅಂಚು ಮಾತ್ರ ಬೆಳಗಿನ ಹೊತ್ತು ಗಾಜು.
ನನ್ನ ಪ್ರಿಯಸ್ಸು ಜಪಾನಿನಲ್ಲಿ ಯಾರೋ
ಹನ್ನೊಂದು ವರ್ಷ ಓಡಿಸಿ ಬಿಟ್ಟದ್ದು.
ಸ್ಟಿಯರಿಂಗು ಬಲಕ್ಕೆ, ಈ ಊರಲ್ಲಿ ಓಡಿಸುವುದೂ ಬಲಕ್ಕೆ.
ಮುಂದಿನ ಲಾರಿ ದಾಟಬೇಕಾದರೆ
ಪಕ್ಕದ ಗಿರಾಕಿಯನ್ನೇ ಕೇಳಬೇಕು:
ಅಣ್ಣಾ, ಎದುರಿಗೆ ಯಾರಾದರೂ ಬರ್ತಿದಾರಾ?

ಸಮುದ್ರವೇ ಇಲ್ಲದ ದೇಶದಲ್ಲಿ
ಹಡಗಿನ ಡಬ್ಬಿಗಳದೇ ಒಂದು ಬೀದಿ.
ಡಬ್ಬಿಯೊಳಗೆ ಕತ್ತಲು, ಕತ್ತಲೊಳಗೆ ಟಯರು.
ಯಾದಮ್‌ಸುರೆನ್ ನನ್ನ ಗಾಡಿ ಕಂಡದ್ದೇ
ಮಗ್ಗಿ ಒಪ್ಪಿಸಿದ:
ನೂರ ತೊಂಬತ್ತೈದು, ಅರವತ್ತೈದು, ಹದಿನೈದು.
ನಾಲ್ಕನ್ನು ಉರುಳಿಸಿ ತಂದು ನನ್ನೆದುರು ನಿಲ್ಲಿಸಿದ.

ನಮ್ಮಪ್ಪ ಕುದುರೆಯ ಹಲ್ಲು ನೋಡಿ ಬೆಲೆ ಕಟ್ಟಿದವನಲ್ಲ,
ಬೇಕರಿಯಲ್ಲಿ ರಾತ್ರಿಪಾಳಿ ಮಾಡಿದವನು.
ಬ್ರೆಡ್ಡಿನ ಬೆನ್ನು ಒತ್ತಿ
ಒಳಗು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದ.
ಹಾಗೆಯೇ ಒತ್ತಿದೆ. ಚಳಿಗೂ ರಬ್ಬರು ಮೆತ್ತಗಿತ್ತು.
ಗೀರಿನೊಳಗೆ ನಾಣ್ಯ ಇಳಿಸಿ ಆಳ ನೋಡಬೇಕಂತೆ;
ನಮ್ಮ ಜೇಬಲ್ಲಿ ನಾಣ್ಯವೆಲ್ಲಿ, ಬರೀ ನೋಟು.
ಬೆಂಕಿಕಡ್ಡಿ ಇಳಿಸಿದೆ. ಮದ್ದಿನ ತಲೆ ಮುಳುಗಿತು,
ಕುತ್ತಿಗೆಯೂ ಮುಳುಗಿತು.

ಐನೂರ ಅರವತ್ತು, ಅಂದ.
(ಸಾವಿರ ಅನ್ನುವುದನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.)
ಮುನ್ನೂರ ಐವತ್ತು, ಅಂದೆ.
ಅವನು ಆಕಾಶ ನೋಡಿದ.
ನಾನು ಟಯರಿನ ಪಕ್ಕೆ ನೋಡಿದೆ.
ಮೂರರ ಮೇಲೆ ಒಂದೇ ಹುಟ್ಟಿದ ವಾರ, ಒಂದೇ ಇಸವಿ.
ನಾಲ್ಕನೆಯದು ಮೂರು ವರ್ಷ ಹಿರಿಯದು,
ಮದುವೆಮನೆಯ ಪಂಕ್ತಿಯಲ್ಲಿ
ಕರೆಯದೆ ಬಂದು ಕೂತವನ ಹಾಗೆ
ನೆಟ್ಟಗೆ ನಿಂತಿತ್ತು, ಸಾಚಾ ಮುಖ ಮಾಡಿಕೊಂಡು.

ಬೆರಳಿಟ್ಟು ತೋರಿಸಿದೆ. ಮಾತಾಡಲಿಲ್ಲ.
ಅವನು ಕೆಮ್ಮಿದ. ನಾನೂರ ಐವತ್ತು.
ನಾನು ಗಾಡಿಯ ಬಾಗಿಲು ತೆಗೆದೆ.
ಉರ್ನಾ ಅಕ್ಕಾ, ನಿಲ್ಲು, ನಿಲ್ಲು. ನಾನೂರ ಇಪ್ಪತ್ತು,
ಹಾಕಿಕೊಟ್ಟು, ಗಾಳಿ ತುಂಬಿ.
ಒಂದೇ ಮಾತು, ನನ್ನ ನಂಬರಿನ ಗಾಡಿ ಇವತ್ತು ಬೀದಿಗಿಳಿಯೋ ಹಾಗಿಲ್ಲ,
ಎರಡು ಮೂಟೆ ಆಲೂಗಡ್ಡೆ, ಅತ್ತೆಯ ಮನೆ, ಆ ದಿಬ್ಬದ ಮೇಲೆ.

ದಿಬ್ಬ ಎಂದರೆ ದಿಬ್ಬವೇ. ರಸ್ತೆಯೆನ್ನುವುದು
ಮೇಲಿನ ಮನೆಗಳವರು ಚೆಲ್ಲಿದ ನೀರು, ಹೆಪ್ಪುಗಟ್ಟಿ.
ಹಳೆಯ ಟಯರಾಗಿದ್ದರೆ ಅರ್ಧಕ್ಕೇ ಜಾರಿ
ಯಾರದೋ ಬೇಲಿಗೆ ನಮಸ್ಕಾರ ಹಾಕುತ್ತಿದ್ದೆ.
ಇವು ಕಚ್ಚಿಕೊಂಡವು. ಬೆಕ್ಕು ಪರದೆ ಹತ್ತಿದಂತೆ
ಉಗುರೂರಿ, ಉಗುರೂರಿ.
ಪಕ್ಕದಲ್ಲಿ ಯಾದಮ್‌ಸುರೆನ್ ಉಸಿರೇ ಬಿಡಲಿಲ್ಲ.
ತನ್ನ ಸರಕಿನ ಮೇಲೆ ಅವನಿಗೆಷ್ಟು ನಂಬಿಕೆ
ಅಂತ ಆಗ ಗೊತ್ತಾಯಿತು.

ಅತ್ತೆ ಪಗ್ಮಾ ಹೊರಗೆ ಬಂದಳು. ಸದ್ದೇ ಇಲ್ಲವಲ್ಲ,
ಗಾಡಿ ಸತ್ತಿದೆಯಾ? ಅಂದಳು.
ಮರದ ಸೌಟಲ್ಲಿ ಹಾಲು ತಂದು
ನಾಲ್ಕೂ ಚಕ್ರಕ್ಕೆ ಚಿಮುಕಿಸಿದಳು.
ಹಿರಿಯ ಟಯರಿಗೆ ಒಂದು ಹನಿ ಹೆಚ್ಚೇ ಬಿತ್ತೇನೋ.
ನೋಡನೋಡುತ್ತ ಹಾಲು ಕಲ್ಲುಪ್ಪಾಯಿತು.

ಇಳಿಯುವಾಗ ಲೆಕ್ಕ ಹಾಕಿದೆ:
ಉಳಿದದ್ದು ನೂರ ನಲವತ್ತು,
ತಪ್ಪಿಹೋದ ಬಾಡಿಗೆ ಎರಡು, ಸುಟ್ಟ ಪೆಟ್ರೋಲು ಇಷ್ಟು.
ಎಂಜಿನ್ನು ಸುಮ್ಮನಾಯಿತು. ಟಯರೂ ಸುಮ್ಮನಿತ್ತು.
ಆ ಮೌನದಲ್ಲಿ ಡಿಕ್ಕಿಯೊಳಗೆ
ಏನೋ ಉರುಳಿತು, ತಿರುವಿನಲ್ಲಿ ಮತ್ತೆ ಉರುಳಿತು.
ನಿಲ್ಲಿಸಿ ನೋಡಿದರೆ ಆಲೂಗಡ್ಡೆ,
ಒಂದೇ ಒಂದು, ಮುಷ್ಟಿಗಾತ್ರ.

ಅದನ್ನೂ ಲಾಭಕ್ಕೆ ಬರೆದುಕೊಂಡೆ.