ಹದಿನೈದು

ನಮ್ಮ ಬಂದರಿನಲ್ಲಿ ಹರಾಜು ಏರುವುದಿಲ್ಲ,
ಇಳಿಯುತ್ತದೆ.
ಇಪ್ಪತ್ತರಿಂದ ಶುರು, ಒಂದೊಂದೇ ಮೆಟ್ಟಿಲು,
ಮೊದಲು ಕೂಗಿದವನಿಗೆ ಬುಟ್ಟಿ.
ಇಳಿಸುವವಳು ನಾನು,
ಗಲೀಸಿಯಾದ ಈ ಉಪ್ಪುಗಾಳಿಯ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷದಿಂದ:
ರಬ್ಬರ್ ಬೂಟು, ಹಳದಿ ಏಪ್ರನ್,
ಮತ್ತು ಉಗ್ಗು.

ಎಲ್ಲ ಅಕ್ಷರಕ್ಕೂ ಅಲ್ಲ, ಕ ಒಂದಕ್ಕೆ.
ಕ ಬಂದರೆ ನಾಲಿಗೆಯ ಬುಡ
ಬಂಡೆಗೆ ಕಚ್ಚಿದ ಚಿಪ್ಪಿನ ಹಾಗೆ
ಚಾಕು ಹಾಕಿದರೂ ಬಿಡದು.
ಅವ್ವ ಇಟ್ಟ ಹೆಸರು ಕಾಸಿಲ್ದಾ.
ಇಲ್ದಾ ಅಂದುಕೊಂಡೇ ಬೆಳೆದೆ.

ಜಾಣೆ ನಾನು, ಸುತ್ತುದಾರಿಗಳಲ್ಲಿ.
ನಮ್ಮ ಮಾತಿನಲ್ಲಿ ಮನೆ ಅನ್ನುವುದಕ್ಕೂ ಕ ಬೇಕು,
ಅದಕ್ಕೆ ‘ಅತ್ತ ಹೋಗುತ್ತೇನೆ’ ಅಂದೆ ದಿನಾ ಸಂಜೆ.
ಕಾಫಿ ಕೇಳಲಾಗದೆ ಚಹಾ ಕುಡಿದೆ.
ನಮ್ಮೂರಲ್ಲಿ ಚಹಾ ಕುಡಿಯುವುದು
ಹೊಟ್ಟೆ ಕೆಟ್ಟವರು ಮಾತ್ರ;
‘ಹೊಟ್ಟೆ ಹೇಗಿದೆ ಇಲ್ದಾ?’
ಎಷ್ಟು ಜನ, ಎಷ್ಟು ವರ್ಷ ಕೇಳಿದರು!
ಕಮಿಲೊ ಕುಣಿಯಲು ಕರೆದಿದ್ದ ಒಂದು ಬೇಸಿಗೆ.
ಎಲಾಡಿಯೊನನ್ನು ಮದುವೆಯಾದೆ.
ಅದಕ್ಕೇ ಅಂತಲ್ಲ.
ಅದಕ್ಕೂ ಹೌದು.

ಹದಿನೈದಕ್ಕೆ ನಾವು ಕಿನ್ಸೆ ಅನ್ನುತ್ತೇವೆ,
ಹದಿನಾಲ್ಕಕ್ಕೆ ಕತೋರ್ಸೆ.
ಹದಿನಾರು ಅಂದವಳೇ ಕೆಮ್ಮುತ್ತಿದ್ದೆ,
ಕೆಮ್ಮಿನ ಮರೆಯಲ್ಲಿ ಎರಡು ಮೆಟ್ಟಿಲು ಹಾರಿ
ಹದಿಮೂರು.
ಕೊಳ್ಳುವವರಿಗೆ ಗೊತ್ತಿತ್ತೇನೋ.
ಗೊತ್ತಿದ್ದರೆ ಯಾಕೆ ಹೇಳುತ್ತಾರೆ?

ನವೆಂಬರಿನ ಒಂದು ಮಂಗಳವಾರ
ಮರುವಾಯಿ ಹೆಕ್ಕುವ ಡೆಲ್ಮಿರಾ
ಒದ್ದೆ ಕೈಗವಸು ನನ್ನ ಮೇಜಿನ ಮೇಲಿಟ್ಟಳು.
‘ನನ್ನ ಹದಿನೈದು ಎಲ್ಲಿ?’
ಕೆಮ್ಮು ಬಂತು ಅಂದೆ.
‘ಎಂಟು ತಿಂಗಳಿಂದ ನೋಡುತ್ತಿದ್ದೇನೆ ನಿನ್ನ ಕೆಮ್ಮನ್ನು,
ಹದಿನಾರು ದಾಟದೆ ಬರುವುದಿಲ್ಲ ಅದು.
ಕೆಸರಲ್ಲಿ ಸೊಂಟ ಬಗ್ಗಿಸಿದವಳು ನಾನು.
ನಿನ್ನ ನಾಚಿಕೆಗೆ ನಾನೇಕೆ ಬಾಡಿಗೆ ಕಟ್ಟಲಿ?’

ಮರುದಿನ ಅವಳ ಬುಟ್ಟಿ ಬಂತು.
ಹದಿನೆಂಟು. ಹದಿನೇಳು. ಹದಿನಾರು.
ಕ
ಕ
ಮಂಜುಗಡ್ಡೆ ತೊಟ್ಟಿಕ್ಕುವುದು ಕೇಳಿಸಿತು.
ಕ
ಹೋಟೆಲಿನ ಹುಡುಗ ಬ್ರಾಯ್ಸ್ ನಕ್ಕ,
ಯಾರೂ ಜೊತೆಗೂಡದೆ
ಅವನ ನಗು ತಾನೇ ಬೂಟು ನೋಡಿಕೊಂಡಿತು.
ಕ
ಕೆಮ್ಮಲಿಲ್ಲ ನಾನು. ಕೆಮ್ಮಲಿಲ್ಲ.
ಕಿನ್ಸೆ!
ಆಮೇಲೆ ಇನ್ನೊಂದು ಇತ್ತಲ್ಲ, ದೇವರೇ,
ಅದನ್ನೂ ಎಳೆದು ತಂದೆ, ಬಾಲ ಹಿಡಿದು.

ಯಾರೂ ಕೂಗಲಿಲ್ಲ.
ಹದಿಮೂರಕ್ಕೇ ಹೋಯಿತು ಮರುವಾಯಿ,
ಎಂದಿನಂತೆ.
ಡೆಲ್ಮಿರಾ ಚೀಟಿ ಮಡಚಿ ಎದೆಗಿಟ್ಟುಕೊಂಡು
‘ಹಾಂ, ಇದು ಹದಿಮೂರು’ ಅಂದಳು.

ಈಗ ಹರಾಜು ನಿಧಾನ.
ಮೀನು ಕಾಯುವುದಿಲ್ಲ ಎಂದು ಗೊಣಗುತ್ತಾರೆ, ಗೊಣಗಲಿ.
ಒಮ್ಮೊಮ್ಮೆ ತಾಳ್ಮೆ ಕೆಟ್ಟವನೊಬ್ಬ
ನನ್ನ ಕ ಮುಗಿಯುವ ಮೊದಲೇ ಕೂಗಿಬಿಡುತ್ತಾನೆ,
ದೋಣಿಯವರು ಕಣ್ಣು ಮಿಟುಕಿಸುತ್ತಾರೆ ನನ್ನತ್ತ.
ಹಾಗಂತ ಉಗ್ಗು ವರ ಅಂದರೆ ಒಪ್ಪಲಾರೆ.
ಇರುಳಲ್ಲಿ ಫೋನು ಬಂದರೆ ಈಗಲೂ
ಎಲಾಡಿಯೊ ಎತ್ತಲಿ ಅಂತ ಬಾತ್‌ರೂಮಿಗೆ ಹೋಗುತ್ತೇನೆ.
ಆದರೆ ಸಂಜೆ, ಏಪ್ರನ್ ಬಿಚ್ಚಿ,
ಎಲ್ಲಿಗೆ ಅಂದವರಿಗೆ
ತಡವಾಗಿಯಾದರೂ, ಮನೆಗೆ, ಅನ್ನುತ್ತೇನೆ.
ಅಂದ ಮೇಲೆ ಅದು
ಸ್ವಲ್ಪ ಹತ್ತಿರ ಬಂದ ಹಾಗೆ.

ನಿನ್ನೆ ಬಾರಿನ ಒಬ್ದೂಲಿಯೊ
ನಾನು ಬಾಗಿಲಲ್ಲಿರುವಾಗಲೇ ಚಹಾ ಪೊಟ್ಟಣ ಹರಿದಿದ್ದ.
ಕ, ಅಂದೆ.
ಅವನ ಕೈ ನಿಂತಿತು.
ಹೊರಗೆ ಮೀನಿನ ಲಾರಿಯೊಂದು
ಹಿಂದೆ ಹಿಂದೆ ಸರಿದು, ಗೋಡೆಗೆ ತಾಗದೆ,
ನೆಟ್ಟಗೆ ನಿಲ್ಲುವಷ್ಟು ಹೊತ್ತು.
ಬಂತು ಕಾಫಿ.
ಮೊದಲ ಗುಟುಕಿಗೇ ನಾಲಿಗೆ ಸುಟ್ಟಿತು.
ಇನ್ನೊಂದು, ಅಂದಿದ್ದರೆ ಸಾಕಿತ್ತು ಆಮೇಲೆ.
ಪೂರ್ತಿ ಹೆಸರು ಹಿಡಿದೇ ಕೇಳಿದೆ.