ಅಡಗಿ ಮನಿ ನಕಾಶಿ

ಒಂದು ದಿನ, ಬರೇ ಒಂದು ದಿನ,
ನಡುಮನಿ ಹೊಸ್ತಲ ದಾಟಿದಾಗೊಮ್ಮೆ
ಒಂದು ಜ್ವಾಳದ ಕಾಳು ಬಟ್ಟಲಕ್ಕ ಹಾಕಿದೆ.
ನೀರಿಗೆ, ಹಿಟ್ಟಿಗೆ, ಬಂದವರಿಗೆ ಚಾ ಕೊಡಾಕ,
ಚಾದ ಕಪ್ಪು ಹೊಳ್ಳಿ ತರಾಕ,
ಉಪ್ಪು ಮರತು, ಮರತದ್ದು ಏನಂತ ಮರತು.
ರಾತ್ರಿ ಎಣಿಸಿದರ ನೂರಾ ಹದಿನೇಳು.
ಮನಿಯವರ ಮುಂದ ಬಟ್ಟಲ ಇಟ್ಟೆ.
ಎರಡು ಕಾಳು ಬಾಯಾಗ ಹಾಕ್ಕೊಂಡು
'ಇವನ್ನ ಹುರದೇ ಇಲ್ಲಲ್ಲ' ಅಂದರು.

ಗುಳೇದಗುಡ್ಡದ ಹಳೇ ಮನಿ. ಕಲ್ಲಿನ ಗ್ವಾಡಿ
ಎರಡು ಮಳ ದಪ್ಪ, ಮಾಳಿಗಿ ಮಣ್ಣಿಂದು.
ಬೆಳಕೆಲ್ಲ ಪಡಸಾಲಿಗೆ, ಅಲ್ಲಿ ಮಗ್ಗ ಇತ್ತು.
ಎಳಿ ಹರದರ ಕಾಣಬೇಕು.
ಸಾರಿಗ್ಯಾಕ ಬೆಳಕು?
ಹಂಗಂತ ಯಾರೂ ಅನ್ನಲಿಲ್ಲ,
ಕಟ್ಟಿದವರು ಅಂದ್ಕೊಂಡೂ ಇರಲಿಕ್ಕಿಲ್ಲ,
ಒಲಿ ಮಾತ್ರ ಹಿಂದಿನ ಖೋಲಿಗೆ ಹೋತು,
ಅಂಗೈ ಅಗಲದ ಬೆಳಕಿಂಡಿ ಕೆಳಗ.
ಹದಿನಾಲ್ಕು ವರ್ಷ
ಜೀರಗಿ ಯಾವುದು, ಅಜವಾನ ಯಾವುದು
ಮೂಗಿಲೇ ಓದೀನಿ.

ಮಾವ ಹೋಗಿ ಆರು ವರ್ಷ. ಮಗ್ಗ ಬಿಚ್ಚಿ
ಕಟ್ಟಿಗಿ ಅಟ್ಟಕ್ಕೇರಿತು, ಕುಣಿ ಉಳೀತು.
ಕುಣಿ ಮ್ಯಾಲೆ ಹಲಗಿ, ಹಲಗಿ ಮ್ಯಾಲೆ ಗಾದಿ,
ಗಾದಿ ಮ್ಯಾಲೆ ಯಾರೂ ಕುಂದ್ರತಿದ್ದಿಲ್ಲ.

ಲಾಲಸಾಬ ಗವಂಡಿ ಟೇಪು ಹಿಡಕೊಂಡು ಬಂದ.
'ಅಡಗಿ ಮನಿ ಮುಂದ ತರೂದು, ಭೇಶ್ ಆತು.
ಹಿಂದಿನ ಖೋಲಿ ಬಚ್ಚಲ ಮಾಡೂಣು.
ಈ ಗ್ವಾಡಿ ಮುಟ್ಟಂಗಿಲ್ಲ, ತೊಲಿ ಇದರ ಮ್ಯಾಲೆ ಕುಂತೈತಿ.
ಕುಣಿಗೆ ಒಂದು ಟ್ರ್ಯಾಕ್ಟರ್ ಮರಂ ಹೊಡದು
ಫರಸಿ ಹಾಕಿದರ ಮುಗೀತು.'
ಸುಣ್ಣದ ಕಡ್ಡಿಲೇ ನೆಲದ ಮ್ಯಾಲೆ ನಾನ ಬರದೆ:
ಇಲ್ಲಿ ಮೋರಿ, ಇಲ್ಲಿ ಗ್ಯಾಸು, ಕಿಡಕಿ ಕೆಳಗ ಹಿಟ್ಟಿನ ಡಬ್ಬಿ.
ಗೆರಿ ಒಳಗ ನಿಂತು ಸುಳ್ಳ ಸುಳ್ಳ ಅಡಗಿ ಮಾಡಿದೆ.
ಒಲಿಯಿಂದ ಮೋರಿಗೆ ಎರಡು ಹೆಜ್ಜಿ.
ಎರಡ!
ಬಾಗಿಲದಾಗ ನಿಂತಿದ್ದ ಮಗ
'ಯವ್ವಾ, ಕುಂಟಾಟ ಆಡಾಕತ್ತೀಯೇನು?' ಅಂದ.

'ಕಟ್ಟಿ ಎಷ್ಟು ಎತ್ತರ ಇಡ್ಲಿ, ತಂಗೆವ್ವ?'
ಯಾರೂ ಕೇಳಿದ್ದಿಲ್ಲ ಇದನ್ನ.
ಟೊಂಕದ ಹತ್ರ ಕೈ ಇಟ್ಟು ತೋರಿಸಿದೆ.
ಗ್ವಾಡಿ ಮ್ಯಾಲೆ ಪೆನ್ಸಿಲ್ಲಿಲೇ ಗುರುತು ಹಾಕಿದ.
ನನ್ನ ಅಳತಿದೊಂದು ಗೆರಿ
ಈ ಮನಿಯಾಗ.

ಅತ್ತಿ ಚೌಡವ್ವ ಅಲ್ಲೀತನಕ ಸುಮ್ಮನಿದ್ದಳು.
'ಮತ್ತ ನಾ?'
ಎಪ್ಪತ್ತೊಂದು ಆಕಿಗೆ. ನಿಂತು ರೊಟ್ಟಿ ಬಡೀಲಾರಳು,
ಕುಂತರ ಮೊಣಕಾಲ ಮಡಚಂಗಿಲ್ಲ.
ಎರಡು ವರ್ಷ ಆತು, ಕೈಗೆ ಹಿಟ್ಟು ಹತ್ತಿಲ್ಲ.
ನನ್ನ ರೊಟ್ಟಿ ತಿಂತಾಳ, ಅಂಚು ಎತ್ತಿ ನೋಡತಾಳ,
ಏನೂ ಅನ್ನಂಗಿಲ್ಲ.
ಅನ್ನದ್ದು ಕೇಳಸತೈತಿ.

ಎದ್ದು ಗಾದಿ ಸರಿಸಿದಳು, ಮಗನ ಕೈಲೆ ಹಲಗಿ ಎತ್ತಿಸಿದಳು.
ಕುಣಿಯಾಗ ಒಂದು ಲಾಳಿ, ಎರಡು ಜೊಂಡಿಗ,
ಮಾರುದ್ದ ಕೆಂಪು ರೇಶಿಮಿ ಎಳಿ.
ಮಾವ ಕುಂದ್ರೂ ಜಾಗದಾಗ ಕುಂತು
ಕಾಲ ಇಳಿಬಿಟ್ಟಳು.
ಮೊಣಕಾಲಿಗೆ ಕೆಲಸಾನ ಇಲ್ಲ.
ಎದುರಿನ ಅಂಚಿಗೆ ಕೈ ಚಾಚಿದಳು. ಸಿಕ್ಕಿತು.
'ರೊಟ್ಟಿ ಕಲ್ಲು ಇಲ್ಲಿ. ಸಣ್ಣ ಒಲಿ ಇಲ್ಲಿ, ಬಲಕ್ಕ.'
ಬರೇ ನೆಲಕ್ಕ ಒಂದು ರೊಟ್ಟಿ ಬಡದಳು, ತಪ್ ತಪ್ ತಪ್,
ಕೆಳಗ, ಯಾವ ಹಲಗೀನೂ ಇಲ್ಲದ ತಳದಾಗ,
ಕಾಲು ತಮ್ಮಷ್ಟಕ್ಕ ತುಳದವು.

'ಮರಂ ಖರ್ಚು ಉಳೀತು' ಅಂದ ಲಾಲಸಾಬ, ಟೇಪು ಸುತ್ತಿ.
ಮನಿಯವರು, 'ಅಡಗಿ ಮನಿಯಾಗ ಕುಣಿ?
ನೋಡಿದವರು ಏನಂದಾರು!'
'ರೊಟ್ಟಿ ತಿಂದು ಅನ್ನಲಿ' ಅಂದಳು
ಅಲ್ಲೇ ಕುಂತು.

ಒದ್ದಿ ಅರಬಿಲೇ ಗೆರಿ ಒರಸಿ ಮತ್ತ ಬರದೆ.
ಎರಡು ಎತ್ತರ ಈಗ, ನನ್ನ ಟೊಂಕದ್ದು, ಆಕಿ ಮಡಲಿಂದು.
ಎಲ್ಲಾ ಕುಂತಾವು ನಕಾಶಿಯಾಗ.
ಉಪ್ಪಿನ ಡಬ್ಬಿ ಯಾರ ಕೈಗೆ ಹತ್ರ ಇರಬೇಕನ್ನೂದು
ಇನ್ನೂ
ಬಗೀಹರದಿಲ್ಲ.